ಲ್ಯಾಬಿಗೆ ಬನ್ನಿ ಎಂದರೆ ಏನು ಕೇಳಬೇಕು, ಏನು ಬರೆದಿಡಬೇಕು

‘ರಜೆಯಲ್ಲಿ ನಮ್ಮ ಲ್ಯಾಬಿಗೆ ಬಂದು ಕೆಲಸ ಮಾಡುವುದಾದರೆ ಬನ್ನಿ’ ಎಂದು ಪ್ರಾಧ್ಯಾಪಕರೊಬ್ಬರು ಕರೆದಾಗ ಬಿ.ಎಸ್ಸಿ. ವಿದ್ಯಾರ್ಥಿಗಳು ಮರುಮಾತಾಡದೆ ಒಪ್ಪಿಕೊಂಡುಬಿಡುತ್ತಾರೆ. ಒಪ್ಪುವುದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಮೊದಲು ಕೆಲವು ಸಂಗತಿಗಳನ್ನು ಕೇಳಿ ತಿಳಿದುಕೊಂಡರೆ ಅದು ಅಧಿಕಪ್ರಸಂಗವೆನಿಸುವುದಿಲ್ಲ. ಎಷ್ಟು ವಾರಗಳ ಕೆಲಸ, ದಿನಕ್ಕೆ ಎಷ್ಟು ಹೊತ್ತು, ಶಿಷ್ಯವೇತನ ಇದೆಯೇ, ಹಾಸ್ಟೆಲಿನಲ್ಲಿ ಜಾಗ ಸಿಗುವುದೇ ಎಂಬುವು ಒಂದು ಬಗೆಯ ಪ್ರಶ್ನೆಗಳು. ಅವುಗಳಿಗಿಂತ ಮುಖ್ಯವಾದದ್ದು, ದಿನನಿತ್ಯ ಯಾರ ಕೈಕೆಳಗೆ ಕೆಲಸ ಮಾಡಬೇಕು ಎಂಬುದು. ಗೈಡ್ ಎನಿಸಿಕೊಂಡವರು ಪಾಠ, ಸಭೆ, ಪ್ರಯಾಣಗಳ ನಡುವೆ ವಾರಕ್ಕೊಮ್ಮೆ ಸಿಕ್ಕರೆ ಹೆಚ್ಚು. ಕೆಲಸ ಕಲಿಸುವವರು ಸಾಮಾನ್ಯವಾಗಿ ಅಲ್ಲಿನ ಪಿಎಚ್‌ಡಿ ವಿದ್ಯಾರ್ಥಿಗಳು. ಅವರಲ್ಲಿ ಒಬ್ಬರನ್ನು ಮೊದಲೇ ಕಂಡು ಅರ್ಧ ಗಂಟೆ ಮಾತಾಡಿದರೆ, ಆ ಲ್ಯಾಬಿನ ರೀತಿನೀತಿ ಯಾವ ವೆಬ್‌ಸೈಟೂ ತಿಳಿಸದಷ್ಟು ತಿಳಿಯುತ್ತದೆ.

ಪರೀಕ್ಷೆಯ ದಿನಾಂಕಗಳನ್ನೂ ಆಗಲೇ ಹೇಳಿಬಿಡಬೇಕು. ನಮ್ಮ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಪರೀಕ್ಷೆಗಳು ಮುಂದಕ್ಕೆ ಹೋಗುವುದು ಎಲ್ಲರಿಗೂ ಗೊತ್ತಿರುವ ವಿಷಯವಾದ್ದರಿಂದ, ‘ದಿನಾಂಕ ಬದಲಾದರೆ ಎರಡು ವಾರ ಬರಲಾಗುವುದಿಲ್ಲ’ ಎಂದು ಮೊದಲೇ ತಿಳಿಸಿದವರ ಮೇಲೆ ಯಾರೂ ಬೇಸರಪಡುವುದಿಲ್ಲ. ಹೇಳದೆ ಕೇಳದೆ ನಾಪತ್ತೆಯಾದವರ ಮೇಲೆ ಖಂಡಿತ ಪಡುತ್ತಾರೆ.

ಕರೆ ತಾನಾಗಿ ಬರದಿದ್ದರೆ ಹುಡುಕಿಕೊಂಡು ಹೋಗುವ ದಾರಿಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿಯ ಮತ್ತು ಪ್ರಯಾಗರಾಜದ ಅಕಾಡೆಮಿಗಳ ಜೊತೆಗೂಡಿ ನಡೆಸುತ್ತ ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಎರಡು ತಿಂಗಳ ಅವಧಿಯದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥ ಬೇಸಿಗೆ ಫೆಲೋಶಿಪ್ ಇದೆ. ಇಂಥವುಗಳಿಗೆ ಬೇಸಿಗೆ ಬರುವುದಕ್ಕೆ ತಿಂಗಳುಗಳ ಮೊದಲೇ ಅರ್ಜಿ ಕರೆಯುವುದರಿಂದ, ಏಪ್ರಿಲಿನಲ್ಲಿ ಎಚ್ಚೆತ್ತುಕೊಂಡರೆ ಪ್ರಯೋಜನವಿಲ್ಲ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದವರಿಗೆ ವರ್ಷದ 80,000 ರೂಪಾಯಿಯಲ್ಲಿ 20,000 ಬೇಸಿಗೆಯ ಸಂಶೋಧನಾ ಕೆಲಸಕ್ಕೆಂದೇ ಮೀಸಲಾಗಿರುತ್ತದೆ; ಅಂಥವರು ಗೈಡನ್ನು ಹುಡುಕುವಾಗ ಈ ಮಾತನ್ನು ಪತ್ರದಲ್ಲಿ ತಿಳಿಸುವುದು ಒಳ್ಳೆಯದು. ಇನ್ನು, ಹಣ ಕಟ್ಟಿಸಿಕೊಂಡು ಪ್ರಮಾಣಪತ್ರ ಕೊಡುವ ಇಂಟರ್ನ್‌ಶಿಪ್‌ಗಳಿಂದ ದೂರವಿರಿ ಎಂದಷ್ಟೇ ಹೇಳುತ್ತೇನೆ.

ಪ್ರಾಧ್ಯಾಪಕರಿಗೆ ಬರೆಯುವ ಪತ್ರ ಚಿಕ್ಕದಾಗಿರಲಿ. ‘ತಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ’ ಎಂದು ತೊಡಗುವ, ಐವತ್ತು ಜನರಿಗೆ ಒಟ್ಟಿಗೆ ಕಳಿಸಿದ ಇಮೇಲು ಮೊದಲ ಸಾಲಿಗೇ ಸಿಕ್ಕಿಬೀಳುತ್ತದೆ. ಅವರ ಇತ್ತೀಚಿನ ಪೇಪರುಗಳಲ್ಲಿ (ಸಂಶೋಧನಾ ಲೇಖನಗಳಲ್ಲಿ) ಒಂದನ್ನು ಓದಿ, ಅರ್ಥವಾಗದ ಒಂದು ಚಿತ್ರವನ್ನೋ ಒಂದು ವಿಧಾನವನ್ನೋ ಹೆಸರಿಸಿ ನೇರವಾಗಿ ಪ್ರಶ್ನೆ ಕೇಳಿದ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನ ಬಗ್ಗೆ ಅಂಜಿ ಪತ್ರವನ್ನೇ ಬರೆಯದಿರುವುದುಂಟು. ನಾಲ್ಕು ಸರಳ ವಾಕ್ಯಗಳು ಅಲ್ಲಿ ಧಾರಾಳವಾಗಿ ಸಾಕು.

ಲ್ಯಾಬಿಗೆ ಸೇರಿದ ಮೇಲೆ ಬಿಟ್ಟುಬಿಡಬೇಕಾದ ಮೊದಲ ಅಭ್ಯಾಸವೆಂದರೆ ಕಾಲೇಜಿನ ರೆಕಾರ್ಡ್ ಪುಸ್ತಕದ್ದು. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.8 ಬರಲೇಬೇಕೆಂದು ರೀಡಿಂಗನ್ನು ಸ್ವಲ್ಪ ‘ಸರಿಮಾಡಿ’, ಮನೆಗೆ ಬಂದು ಅಂದವಾಗಿ ನಕಲು ಮಾಡಿ, ಸಹಿ ಹಾಕಿಸಿಕೊಳ್ಳುವುದನ್ನು ನಾವೆಲ್ಲ ಮಾಡಿದವರೇ. ಅಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಸಂಶೋಧನೆಯಲ್ಲಿ ಉತ್ತರ ಗೈಡಿಗೂ ಗೊತ್ತಿರುವುದಿಲ್ಲವಾದ್ದರಿಂದ, ತಿದ್ದಿದ ಒಂದು ಅಂಕಿ ಆರು ತಿಂಗಳ ಕೆಲಸವನ್ನು ದಾರಿ ತಪ್ಪಿಸಬಲ್ಲದು. ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಕೆಲಸ ನಡೆಯುತ್ತಿರುವಾಗಲೇ, ಪೆನ್ನಿನಲ್ಲಿ, ದಿನಾಂಕ ಸಮೇತ ಬರೆಯಬೇಕು. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು, ಹಾಳೆ ಹರಿಯಬಾರದು. ‘ಬಫರ್ ಹಾಕಿದೆ’ (ಬಫರ್ ಎಂದರೆ ಆಮ್ಲೀಯತೆ ಹೆಚ್ಚು ಬದಲಾಗದಂತೆ ಕಾಯುವ ದ್ರಾವಣ) ಎಂದು ಬರೆದರೆ ಸಾಲದು. ಯಾವ ಬಾಟಲಿಯ ಬಫರ್, ಯಾವ ದಿನ ತಯಾರಿಸಿದ್ದು, ಎಷ್ಟು ಮೈಕ್ರೊಲೀಟರ್ ಎಂಬುದೂ ಬೇಕು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಮೊದಲ ಬೇಸಿಗೆಯಲ್ಲಿ 24 ಸಣ್ಣ ಟ್ಯೂಬುಗಳಿಗೆ ಮುಚ್ಚಳದ ಮೇಲೆ ಮಾತ್ರ ಮಾರ್ಕರಿನಲ್ಲಿ ಅಂಕಿ ಬರೆದಿದ್ದೆ. ಸೂಕ್ಷ್ಮಜೀವಿಗಳು ಸೇರದಂತೆ ಕೆಲಸ ಮಾಡುವ ಗೂಡಾದ ಹುಡ್‌ನೊಳಗೆ ಇಡುವ ಮುನ್ನ, ಹೇಳಿಕೊಟ್ಟಿದ್ದಂತೆಯೇ ಶೇಕಡಾ 70ರ ಆಲ್ಕೋಹಾಲಿನಲ್ಲಿ ಒರೆಸಿದೆ. ಶಾಯಿಯೆಲ್ಲ ಟಿಶ್ಯೂ ಕಾಗದಕ್ಕೆ ನೀಲಿಯಾಗಿ ಅಂಟಿ ಬಂತು. ಒಂದೇ ಬಣ್ಣದ ದ್ರವವಿದ್ದ 24 ಟ್ಯೂಬುಗಳು ನನ್ನನ್ನೇ ನೋಡುತ್ತ ಕುಳಿತವು. ಮೂರು ದಿನಗಳ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದೆ. ಅಂದಿನಿಂದ ಮುಚ್ಚಳದ ಮೇಲೂ ಪಕ್ಕದಲ್ಲೂ ಬರೆದು, ಪಕ್ಕದ ಬರಹದ ಮೇಲೆ ಪಾರದರ್ಶಕ ಟೇಪು ಅಂಟಿಸುತ್ತೇನೆ. ಅಂಥ ತಪ್ಪಾದಾಗ ಮಾಡಬೇಕಾದದ್ದು ಒಂದೇ: ಅದೇ ದಿನ ಹೋಗಿ ಹೇಳುವುದು. ಬೈಸಿಕೊಂಡದ್ದು ಐದು ನಿಮಿಷವಾದರೆ, ಮುಚ್ಚಿಟ್ಟ ತಪ್ಪನ್ನು ಹುಡುಕಲು ಬೇರೆಯವರಿಗೆ ವಾರಗಳು ಹಿಡಿಯುತ್ತವೆ.

ಆರಂಭದ ದಿನಗಳಲ್ಲಿ ಕೈಗೆ ಸಿಗುವುದು ಚಿಲ್ಲರೆ ಕೆಲಸಗಳೇ. ಅದನ್ನು ಅವಮಾನವೆಂದು ಭಾವಿಸದೆ ಕೈ ಪಳಗಿಸಿಕೊಳ್ಳಲು ಬಳಸಬೇಕು. ಅಳತೆಯಷ್ಟೇ ದ್ರವವನ್ನು ಹೀರಿ ಹಾಕುವ ಸಾಧನವಾದ ಪಿಪೆಟ್ಟನ್ನು ಬಳಸಲು ಕಲಿಯುವುದಕ್ಕೆ ಒಂದು ಸುಲಭ ಉಪಾಯವಿದೆ: ತಕ್ಕಡಿಯ ಮೇಲೆ ಖಾಲಿ ಟ್ಯೂಬಿಟ್ಟು ಸೊನ್ನೆ ಮಾಡಿ, 100 ಮೈಕ್ರೊಲೀಟರ್ ನೀರು ಹಾಕಿದರೆ ಸುಮಾರು 0.1 ಗ್ರಾಂ ತೋರಿಸಬೇಕು. ಹತ್ತು ಸಲ ಹಾಕಿ ಹತ್ತು ಸಲವೂ ಹತ್ತಿರ ಹತ್ತಿರದ ಅಂಕಿ ಬರುವವರೆಗೆ ಯಾರದೇ ಅಮೂಲ್ಯ ಮಾದರಿಯನ್ನು ಮುಟ್ಟಬೇಡಿ. ಗ್ಲೌಸ್ ಹಾಕಿದ ಕೈಯಲ್ಲಿ ಬಾಗಿಲ ಹಿಡಿ ಮತ್ತು ಮೊಬೈಲ್ ಮುಟ್ಟಬಾರದು ಎಂಬುದನ್ನು ಹಿರಿಯರೂ ಮರೆಯುತ್ತಾರೆ, ನೀವು ಮರೆಯಬೇಡಿ.

ಪೇಪರಿನಲ್ಲಿ ಹೆಸರು ಬರುವುದೇ ಎಂಬ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಎರಡು ತಿಂಗಳ ಕೆಲಸಕ್ಕೆ ಬಹುಮಟ್ಟಿಗೆ ಕೃತಜ್ಞತೆಯ ಸಾಲಿನಲ್ಲಿ ಜಾಗ ಸಿಗುತ್ತದೆ. ಕೆಲಸ ಮುಂದುವರಿಯುವಂತಿದ್ದರೆ, ಲೇಖಕರ ಪಟ್ಟಿಗೆ ಸೇರಲು ಏನು ಮಾಡಬೇಕೆಂದು ನಡುವಿನಲ್ಲೇ ವಿನಯದಿಂದ ಕೇಳುವುದು ಸರಿಯಾದ ಕ್ರಮ.

ಹೊರಡುವ ವಾರ ಹೊಸ ಪ್ರಯೋಗ ತೊಡಗಬೇಡಿ. ಫ್ರೀಜರಿನಲ್ಲಿ ನಿಮ್ಮ ಯಾವ ಮಾದರಿ ಯಾವ ಪೆಟ್ಟಿಗೆಯಲ್ಲಿದೆ ಎಂಬ ಪಟ್ಟಿಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಿರಿ. ಆ ನೋಟ್‌ಬುಕ್ಕು ಲ್ಯಾಬಿನದು, ಅಲ್ಲೇ ಉಳಿಯಬೇಕು. ನಿಮಗೆ ಬೇಕಾದ ಪುಟಗಳನ್ನು ಗೈಡಿನ ಅನುಮತಿ ಪಡೆದು ನಕಲು ಮಾಡಿಸಿಕೊಳ್ಳಿ. ಎಂ.ಎಸ್ಸಿ. ಅರ್ಜಿಗೆ ಶಿಫಾರಸು ಪತ್ರ ಬೇಕಾದಾಗ, ಕೊನೆಯ ದಿನಾಂಕಕ್ಕೆ ಕನಿಷ್ಠ ಎರಡು ವಾರ ಮೊದಲು, ನಿಮ್ಮ ವರದಿಯನ್ನು ಲಗತ್ತಿಸಿ ಗೈಡನ್ನು ಕೇಳಿ. ಆ ಹೊತ್ತಿಗೆ ಲ್ಯಾಬಿನವರು ನಿಮ್ಮ ನಂತರ ಬಂದ ಇನ್ನಿಬ್ಬರಿಗೆ ಪಿಪೆಟ್ಟು ಹಿಡಿಯುವುದನ್ನು ಕಲಿಸಿರುತ್ತಾರೆ.