ಇಂಜಿನ್ ಕೆಟ್ಟ ಜಿಪ್ಸಿಯನ್ನೇ ಹುಡುಕಿ ಕೊಂಡೆ

"ಓಡುವ ಜಿಪ್ಸಿ ಬೇಡ, ಓಡದೆ ನಿಂತದ್ದು ಇದ್ದರೆ ಹೇಳಿ" ಎಂದಾಗ ಮೊದಲ ದಲ್ಲಾಳಿ ಫೋನ್ ಇಟ್ಟುಬಿಟ್ಟ. "ಗುಜರಿ ತರುವುದಕ್ಕೆ ಘಟ್ಟ ಹತ್ತಬೇಕೇ ಭಾವ, ಇಲ್ಲಿ ಮುಳ್ಳೇರಿಯದಲ್ಲೇ ಬೇಕಾದಷ್ಟು ಬಿದ್ದಿದೆ" ಎಂದು ಭಾವ ಹೇಳಿದರು; ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಗಾಡಿಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಇಚ್ಚ ಕೂಡ ತಲೆ ಅಲ್ಲಾಡಿಸಿದರು. ಹಾಗೆ ತಂದ ಅದೇ ಗಾಡಿ, ಮಾರುತಿಯ ನಾಲ್ಕೂ ಚಕ್ರ ಎಳೆಯುವ ಹಳೆಯ ಜಿಪ್ಸಿ, 2024ರ ಮತ್ತು 2025ರ ಎರಡು ಮಳೆಗಾಲವೂ ನಮ್ಮ ಗುಡ್ಡೆ ಹತ್ತಿ ಇಳಿದಿದೆ. ಒಮ್ಮೆಯೂ ಎಳೆಸಿಕೊಂಡು ಬರಲಿಲ್ಲ. ಹೇಗೆ ಕೊಂಡೆ, ಎಷ್ಟಾಯಿತು ಎಂದು ಕೇಳುವವರು ಹೆಚ್ಚಾದ್ದರಿಂದ ಬರೆಯುತ್ತಿದ್ದೇನೆ. ಲೆಕ್ಕವೆಲ್ಲ ನೆನಪಿನದು, ಸಾವಿರ ಎರಡು ಸಾವಿರ ಆಚೀಚೆ ಇರಬಹುದು.

ನನಗೆ ಜಿಪ್ಸಿ ಬೇಕಾದದ್ದು ಶೋಕಿಗಲ್ಲ. ಮನೆಯಿಂದ ಮೇಲಿನ ತೋಟಕ್ಕೆ ಮುಕ್ಕಾಲು ಕಿಲೋಮೀಟರ್ ಏರು, ಮುರಕಲ್ಲಿನ (ಕೆಂಪುಕಲ್ಲಿನ) ಮೇಲೆ ಪಾಚಿ, ನಡುವೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ಆಟಿ ತಿಂಗಳಲ್ಲಿ ಮಳೆ ಒಂದು ದಿನ ಬಿಡುವು ಕೊಟ್ಟರೆ ಅದೇ ದಿನ ಅಡಿಕೆಯ ಕೊಳೆರೋಗದ ಮದ್ದು ಬಿಡಬೇಕು. ಮೈಲುತುತ್ತು, ಸುಣ್ಣ, ಪಂಪು, ಪೈಪು, ಇನ್ನೂರು ಲೀಟರಿನ ಡ್ರಮ್ ಎಲ್ಲ ಮೇಲೆ ಹೋಗಬೇಕು. ಪಿಕಪ್ ತೋಡಿನಲ್ಲೇ ಕುಳಿತುಬಿಡುತ್ತದೆ. 2023ರಲ್ಲಿ ಮಾರುತಿಯ ಹೊಸ ಫೋರ್ ವೀಲ್ ಗಾಡಿ ಜಿಮ್ನಿ ಬಂದಾಗ ಆರಂಭದ ಬೆಲೆಯೇ 12.74 ಲಕ್ಷ. ಅಡಿಕೆಗೆ ಒಳ್ಳೆಯ ಧಾರಣೆ ಇದ್ದರೂ ಡ್ರಮ್ ಹೊರುವುದಕ್ಕೆ ಅಷ್ಟು ಸುರಿಯುವ ಮನಸ್ಸಾಗಲಿಲ್ಲ. ಓಡುವ ಸ್ಥಿತಿಯ ಹಳೆ ಜಿಪ್ಸಿಗೆ ಆಗ ನಾಲ್ಕೂವರೆ, ಐದು ಲಕ್ಷ ಹೇಳುತ್ತಿದ್ದರು. ಬಣ್ಣ ಹೊಡೆದು ದೊಡ್ಡ ಟೈರ್ ಹಾಕಿದ್ದಕ್ಕೆ ಆರೂ ಹೇಳಿದ್ದರು.

ಅದಕ್ಕೆ ಮೊದಲು ಮೂರು ಸಲ ಕೈ ಸುಟ್ಟುಕೊಂಡಿದ್ದೇನೆ. 2021ರಲ್ಲಿ 1,90,000ಕ್ಕೆ ಹಳೆಯ ಡೀಸೆಲ್ ಜೀಪು ತಂದೆ. ಫೋರ್ ವೀಲ್ ಲಿವರ್ ಇತ್ತು, ಹಿಂದೆ ದೊಡ್ಡ ಅಕ್ಷರದ ಸ್ಟಿಕ್ಕರ್ ಇತ್ತು. ಮೊದಲ ಮಳೆಗೆ ತೋಡಿನಲ್ಲಿ ನಿಂತಾಗ ಅಡಿಯಲ್ಲಿ ತೆವಳಿ ನೋಡಿದರೆ ಮುಂದಿನ ಚಕ್ರಗಳಿಗೆ ಎಳೆತ ಕೊಡುವ ಪ್ರೊಪೆಲ್ಲರ್ ಶಾಫ್ಟೇ ಇರಲಿಲ್ಲ. ಯಾವ ಕಾಲದಲ್ಲೋ ಬಿಚ್ಚಿ ಮಾರಿದ್ದರು. ಕೊಳ್ಳುವ ದಿನ ನಾನು ಬಾನೆಟ್ ಎತ್ತಿ ಇಂಜಿನ್ ಸದ್ದು ಕೇಳಿದ್ದೆ, ಅಡಿಗೆ ಬಗ್ಗಿರಲಿಲ್ಲ. ಆರು ತಿಂಗಳ ಮೇಲೆ 1,45,000ಕ್ಕೆ ಕೊಟ್ಟೆ.

ಎರಡನೆಯದು ಸೈನ್ಯದಿಂದ ಹರಾಜಾದದ್ದು ಎಂದು ಹೇಳಿದ ಜಿಪ್ಸಿ. 15,000 ಅಡ್ವಾನ್ಸ್ ಕೊಟ್ಟ ಮೇಲೆ ಚಾಸಿಯ (ಗಾಡಿಯ ಅಡಿಚೌಕಟ್ಟಿನ) ಸಂಖ್ಯೆಗೂ ಕಾಗದದ ಸಂಖ್ಯೆಗೂ ತಾಳೆಯಾಗಲಿಲ್ಲ. ಮೇಲಾಗಿ ಅದು ಸೈನ್ಯದ ಹಸಿರು ಬಣ್ಣದಲ್ಲೇ ಇತ್ತು. ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಆ ಬಣ್ಣಕ್ಕೆ ಮರುಳಾಗಿ ಕೊಳ್ಳುವವರು ಇದನ್ನು ನೆನಪಿಡಬೇಕು. ಅಡ್ವಾನ್ಸ್ ಮರಳಿ ಬರಲಿಲ್ಲ.

ಮೂರನೆಯದು ಕಡಲ ಬದಿಯದು. ಇಂಜಿನ್ ಹಾಲು ಕುದಿದಂತೆ ಮೆತ್ತಗೆ ಓಡುತ್ತಿತ್ತು. ಆದರೆ ಅಷ್ಟರಲ್ಲಿ ನಾನು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಕಿಸೆಯಲ್ಲಿಟ್ಟುಕೊಳ್ಳಲು ಕಲಿತಿದ್ದೆ. ಹಳೆಯ ಸ್ಪೀಕರಿನಿಂದ ಕಿತ್ತದ್ದು. ಚಾಲಕನ ಕಾಲ ಕೆಳಗಿನ ನೆಲಕ್ಕೆ ಹಿಡಿದರೆ ಅದು ಅಂಟಲೇ ಇಲ್ಲ. ಮ್ಯಾಟ್ ಎತ್ತಿ ಕೀಲಿಯಿಂದ ಕೆರೆದೆ. ಪುಟ್ಟಿ, ಪುಟ್ಟಿಯ ಕೆಳಗೆ ಗೋಣಿಯಂಥ ಬಲೆ, ಅದರ ಕೆಳಗೆ ರಸ್ತೆ. ಉಪ್ಪುಗಾಳಿ ತಿಂದ ತಗಡಿಗೆ ಯಾವ ರಿಪೇರಿಯೂ ಇಲ್ಲ. ಅಂದು ದುಡ್ಡು ಹೋಗಲಿಲ್ಲ, ಮೂರು ದಿನದ ಓಡಾಟ ಮಾತ್ರ ಹೋಯಿತು.

ಅಲ್ಲಿಂದ ಹಿಂತಿರುಗುವ ದಾರಿಯಲ್ಲೇ ಹೊಳೆದದ್ದು: ಎಲ್ಲರೂ ಇಂಜಿನ್ ನೋಡಿ ಬೆಲೆ ಕಟ್ಟುತ್ತಾರೆ. ಇಂಜಿನ್ ಬಿಚ್ಚಿ ಕಟ್ಟಬಹುದು. ತುಕ್ಕು ತಿಂದ ಚಾಸಿಯನ್ನು, ತಕರಾರಿನ ಕಾಗದವನ್ನು ಬಿಚ್ಚಿ ಕಟ್ಟಲಾಗದು. ಹಾಗಾದರೆ ಕಾಗದ ಸ್ವಚ್ಛ, ಚಾಸಿ ಗಟ್ಟಿ, ಇಂಜಿನ್ ಮಾತ್ರ ಕೆಟ್ಟಿರುವ ಗಾಡಿಯನ್ನು ಹುಡುಕಬೇಕು. ಅದಕ್ಕೆ ಗಿರಾಕಿಗಳಿಲ್ಲ, ಚೌಕಾಶಿ ನನ್ನ ಕೈಯಲ್ಲಿರುತ್ತದೆ. ಹುಡುಕಾಟ ಘಟ್ಟದ ಮೇಲೆ ಮಾತ್ರ, ಕಾಫಿ ತೋಟಗಳಲ್ಲಿ. ಅಲ್ಲಿನ ಗಾಡಿ ಕೆಸರಿನಲ್ಲಿ ದುಡಿದಿರುತ್ತದೆ, ಉಪ್ಪು ಕಂಡಿರುವುದಿಲ್ಲ. 2000ದ ನಂತರದ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಸಿಂಪಡಿಸುವ) ಜಿಪ್ಸಿಯೇ ಬೇಕು ಎಂದೂ ತೀರ್ಮಾನಿಸಿದೆ. ಅದು 1298 ಸಿಸಿ, 80 ಅಶ್ವಶಕ್ತಿ, ಎಸ್ಟೀಮ್ ಕಾರಿನ ಇಂಜಿನ್ ವಂಶದ್ದೇ, ಹಾಗಾಗಿ ಒಳಗಿನ ಸಾಮಾನಿಗೆ ಪರದಾಡಬೇಕಿಲ್ಲ.

ತೋಟಗಳ ಶೆಡ್ಡಿನಲ್ಲಿ ನಿಂತ ಗಾಡಿಗಳ ಸುದ್ದಿ ನನಗೆ ಯಾರಿಂದ ಬರುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾನು ಇನ್ನೊಂದನ್ನು ಹುಡುಕುತ್ತಿದ್ದೇನೆ. ದಲ್ಲಾಳಿಗಳಿಂದಲ್ಲ ಎಂಬುದಷ್ಟನ್ನು ಹೇಳಬಲ್ಲೆ.

2023ರ ಆಗಸ್ಟ್‌ನಲ್ಲಿ ಸೋಮವಾರಪೇಟೆಯ ಕಡೆಯ ಒಂದು ತೋಟದಲ್ಲಿ ಇದು ಸಿಕ್ಕಿತು. 2006ರ ಗಾಡಿ, ಕೆಎ-12 (ಕೊಡಗಿನ ನೋಂದಣಿ), ಒಬ್ಬರೇ ಮಾಲೀಕರು, 2021ರಲ್ಲಿ ಐದು ವರ್ಷಕ್ಕೆ ನೋಂದಣಿ ನವೀಕರಣವಾಗಿತ್ತು. ಸಂಖ್ಯೆ ಸಿಕ್ಕಿದ ಕೂಡಲೇ ಮನೆಯಲ್ಲೇ ಕುಳಿತು ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ದಂಡ, ಸಾಲ, ನವೀಕರಣ ಎಲ್ಲ ನೋಡಿ ಆಮೇಲೆ ಹೊರಟೆ. ಕಾಗದ ನೋಡದೆ ಗಾಡಿ ನೋಡಬಾರದು. ನೋಡಿದರೆ ಮನಸ್ಸು ಸೋಲುತ್ತದೆ.

ಶೆಡ್ಡಿನಲ್ಲಿ ಅದರ ಮೇಲೆ ಕಾಫಿ ಗೋಣಿ ಪೇರಿಸಿದ್ದರು. ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣದಲ್ಲಿ ಬಂತು. ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಎಣ್ಣೆಗೆ ಸೇರಿದೆ ಎಂದು ಅದರಿಂದಲೇ ಗೊತ್ತು. ನಾನು ಸ್ಟಾರ್ಟ್ ಮಾಡಿಸಲಿಲ್ಲ. ಮಾಡಿಸಿದರೆ ಬೇರಿಂಗ್ ಕೂಡ ಹೋಗುತ್ತಿತ್ತು. ಗೋಣಿ ಹಾಸಿ ಅಡಿಯಲ್ಲಿ ಮಲಗಿ, ಚಿಕ್ಕ ಸುತ್ತಿಗೆಯಿಂದ ಚಾಸಿಯನ್ನು ಗೇಣು ಗೇಣಿಗೆ ಬಡಿದೆ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ಹಿಡಿದದ್ದು ದಬ್ ಎಂದು ಸದ್ದು ನುಂಗಿಕೊಳ್ಳುತ್ತದೆ. ಹಿಂದಿನ ಎಡ ಲೀಫಿನ ಶ್ಯಾಕಲ್ ಹತ್ತಿರ ಮಾತ್ರ ಅಂಗೈಯಗಲ ದಬ್ ಎಂದಿತು. ಉಳಿದದ್ದೆಲ್ಲ ಠಣ್. ಚಾಸಿ ಸಂಖ್ಯೆಯ ಮೇಲಿನ ಕೆಸರನ್ನು ಡೀಸೆಲ್ ಬಟ್ಟೆಯಿಂದ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆ. ಒಂದೊಂದೇ ಅಂಕೆ ಮೇಲೆದ್ದು ಬಂತು, ಆರ್‌ಸಿಯೊಡನೆ (ನೋಂದಣಿ ಪತ್ರದೊಡನೆ) ಅಕ್ಷರಕ್ಕೆ ಅಕ್ಷರ ಸರಿಯಿತ್ತು.

ಇಂಜಿನ್ ಇಲ್ಲದೆ ಫೋರ್ ವೀಲ್ ಪರೀಕ್ಷೆ ಹೇಗೆ ಎಂದು ಭಾವ ಕೇಳಿದ್ದರು. ಅದಕ್ಕೆ ನಾಲ್ಕು ಆಳು ಸಾಕು. ಗೇರ್ ನ್ಯೂಟ್ರಲ್, ಮುಂದಿನ ಚಕ್ರಗಳನ್ನು ಆಕ್ಸಲಿಗೆ ಸೇರಿಸುವ ಹಬ್ ಎರಡೂ ಫ್ರೀ, ಟ್ರಾನ್ಸ್‌ಫರ್ ಲಿವರ್ 4ಎಚ್ (ನಾಲ್ಕೂ ಚಕ್ರಕ್ಕೆ ಎಳೆತ). ಗಾಡಿಯನ್ನು ತಳ್ಳಿಸಿ ಅಡಿಗೆ ನೋಡಿದರೆ ಹಿಂದಿನ ಚಕ್ರಗಳ ಬಲದಿಂದಲೇ ಮುಂದಿನ ಶಾಫ್ಟ್ ತಿರುಗಬೇಕು. 2ಎಚ್‌ಗೆ (ಹಿಂದಿನ ಎರಡಕ್ಕೆ ಮಾತ್ರ) ತಂದರೆ ಅದು ನಿಲ್ಲಬೇಕು. ಇಷ್ಟಾದರೆ ಟ್ರಾನ್ಸ್‌ಫರ್ ಹಿಡಿಯುತ್ತಿದೆ ಎಂದಾಯಿತು. ಆಮೇಲೆ 2ಎಚ್‌ನಲ್ಲೇ ಇಟ್ಟು ಹಬ್ ಲಾಕ್ ಮಾಡಿ ತಳ್ಳಿಸಬೇಕು. ಈಗ ಮುಂದಿನ ಚಕ್ರಗಳೇ ಶಾಫ್ಟನ್ನು ತಿರುಗಿಸಿದರೆ ಹಬ್ಬು, ಆಕ್ಸಲ್ ಎರಡೂ ಜೀವಂತ. ನನ್ನದರಲ್ಲಿ ಬಲಗಡೆಯ ಹಬ್ ಹಿಡಿಯಲಿಲ್ಲ. ಜಾಕಿ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಅಲ್ಲಾಡಿಸಿದಾಗ ಚಕ್ರ ತಿರುಗಿಸುವ ಕೀಲಿನ ಕಿಂಗ್‌ಪಿನ್ ಬೇರಿಂಗೂ ಲಟಲಟ ಎಂದಿತು. ಎರಡನ್ನೂ ಮಾಲೀಕರಿಗೆ ತೋರಿಸಿ, 2,20,000 ಹೇಳಿದ್ದನ್ನು 1,55,000ಕ್ಕೆ ಇಳಿಸಿದೆ. ಒಳ್ಳೆಯ ಮನುಷ್ಯರು, ಊಟ ಹಾಕಿ ಕಳಿಸಿದರು.

ದುಡ್ಡು ಕೊಟ್ಟ ಕ್ರಮವನ್ನು ಗಡಿಯ ಈಚೆಯವರು ಗಮನಿಸಬೇಕು. ನಮಗೆ ನಂಟೆಲ್ಲ ಆಚೆ ಕರ್ನಾಟಕದಲ್ಲಿ, ನೋಂದಣಿ ಈಚೆ ಕೇರಳದಲ್ಲಿ. ಕೆಎ ಗಾಡಿ ಕೆಎಲ್-14 (ಕಾಸರಗೋಡು) ಆಗುವವರೆಗೆ ಅದು ನಮ್ಮದಲ್ಲ. 10,000 ಅಡ್ವಾನ್ಸ್, ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬಂದಾಗ ಒಂದು ಲಕ್ಷ, ಉಳಿದದ್ದು ಹೆಸರು ಬದಲಾದ ಮೇಲೆ ಎಂದೆ. ಯಾರೂ ಒಪ್ಪುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ವರ್ಷದಿಂದ ಶೆಡ್ಡಿನಲ್ಲಿ ನಿಂತ ಗಾಡಿಯ ಮಾಲೀಕರು ಒಪ್ಪುತ್ತಾರೆ. ಓಡುವ ಗಾಡಿಯವರು ಒಪ್ಪುವುದಿಲ್ಲ. ಕೆಟ್ಟ ಇಂಜಿನ್ನಿನ ದೊಡ್ಡ ಲಾಭವೇ ಇದು.

ಆದರೂ ಒಂದು ಗಂಟು ಬಿತ್ತು. ಗಾಡಿ ಹೊಸದಿದ್ದಾಗ ತೆಗೆದ ಸಾಲ ಎಂದೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿತ್ತು. ಜಾಲತಾಣದಲ್ಲಿ ಕಂಡಿದ್ದೆ, ವಾರದೊಳಗೆ ಮುಗಿಯುವ ಕೆಲಸ ಎಂದುಕೊಂಡಿದ್ದೆ. ಆ ಬ್ಯಾಂಕ್ ಈ ನಡುವೆ ಇನ್ನೊಂದರಲ್ಲಿ ವಿಲೀನವಾಗಿತ್ತು, ಹಳೆಯ ಕಡತ ಯಾವ ಶಾಖೆಯಲ್ಲಿದೆ ಎಂದು ಹೇಳುವವರಿರಲಿಲ್ಲ. ಸಾಲ ತೀರಿದೆ ಎನ್ನುವ ಫಾರಂ 35ಕ್ಕೆ ಒಂದು ಸಹಿ ಹಾಕಿಸಲು ಎರಡು ತಿಂಗಳು, ಐದು ಸಲ ಸಂಪಾಜೆ ಘಟ್ಟ. ಅದರ ನಂತರ ಫಾರಂ 28ರ ಎನ್‌ಒಸಿ ಬೇಗ ಬಂತು. ಇಲ್ಲಿ ತೆರಿಗೆ, ಶುಲ್ಕ, ಹಸಿರು ತೆರಿಗೆ ಸೇರಿ 15,000 ಆಗಿರಬೇಕು.

ಡಿಸೆಂಬರಿನಲ್ಲಿ ರಿಕವರಿ ಗಾಡಿಯ ಮೇಲೆ ಹೇರಿ ಮಡಿಕೇರಿ, ಸುಳ್ಯ, ಜಾಲ್ಸೂರು ದಾರಿಯಾಗಿ ತಂದೆ. ಬಾಡಿಗೆ 12,000. ಅಂಗಳಕ್ಕೆ ಇಳಿಸುವಾಗ ನೆರೆಹೊರೆಯವರೆಲ್ಲ ಬಂದು ನಿಂತಿದ್ದರು. ಯಾರೂ ಏನೂ ಹೇಳಲಿಲ್ಲ. ಆ ಮೌನ ನನಗೆ ಇನ್ನೂ ನೆನಪಿದೆ.

ಇಂಜಿನ್ ಕೆಲಸದಲ್ಲಿ ನನ್ನದೇ ತಪ್ಪಿನಿಂದ ದುಡ್ಡು ಹೋಯಿತು. ಇಚ್ಚ ಹೆಡ್ ಬಿಚ್ಚಿ, "ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ, ಬರಿ ಫೇಸಿಂಗ್ ಸಾಲದು" ಎಂದರು. ನಾನು ಅವಸರದಲ್ಲಿ ಲೇತಿನಲ್ಲಿ ಹೆಡ್ಡಿನ ಮೇಲ್ಮೈ ಸಮ ಮಾಡುವ ಫೇಸಿಂಗ್ ಮಾತ್ರ ಮಾಡಿಸಿ, ರಿಂಗು, ಬೇರಿಂಗು, ಟೈಮಿಂಗ್ ಬೆಲ್ಟ್ ಹೊಸದು ಹಾಕಿಸಿ ಕಟ್ಟಿಸಿದೆ. ಮುನ್ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಮತ್ತೆ ಕುದಿಯಿತು. ಎರಡು ವಾಲ್ವ್‌ಗಳ ನಡುವೆ ಕೂದಲೆಳೆಯಷ್ಟು ಬಿರುಕು ಮೊದಲೇ ಇತ್ತು. ಬೇರೆ ಹೆಡ್ಡಿಗೆ 11,000, ಮತ್ತೆ ಗ್ಯಾಸ್ಕೆಟ್, ಮತ್ತೆ ಕೂಲಿ. ಮೂಲ ಕಾರಣ ರೇಡಿಯೇಟರ್. ತೋಟದಲ್ಲಿ ಕೂಲಂಟ್ ಬದಲು ಕೆರೆ ನೀರು ಹಾಕಿದ್ದರು, ಹೊರಗಿನ ರೆಕ್ಕೆಗಳಲ್ಲಿ ಕೆಂಪು ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಅದರ ಒಳಗನ್ನೇ ಹೊಸದು ಮಾಡಿಸಿದೆ. ಆಮೇಲೆ ಕುದಿದಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಇಡೀ ಇಂಜಿನ್ನನ್ನೇ ಬದಲಿಸಲು ಕೆಲವರು ಹೇಳಿದರು. ಸಂಖ್ಯೆ ಬದಲಾದರೆ ಆರ್‌ಸಿಯಲ್ಲಿ ಮತ್ತೊಂದು ಗಂಟು, ಬೇಡವೆಂದೆ.

ಒಟ್ಟು ಇಂಜಿನ್ ಮತ್ತು ರೇಡಿಯೇಟರಿಗೆ 62,000. ಕಿಂಗ್‌ಪಿನ್ ಬೇರಿಂಗ್, ನಕಲ್ ಸೀಲ್, ಹಬ್, ಬ್ರೇಕ್, ಶ್ಯಾಕಲಿನ ವೆಲ್ಡಿಂಗ್‌ಗೆ 26,000. ನಾಲ್ಕು ಟೈರ್ 22,000. ಹುಡ್ಡು, ವೈರಿಂಗು 13,000. ಗಾಡಿ, ಬಾಡಿಗೆ, ಕಾಗದ ಸೇರಿದರೆ 3,05,000ದ ಆಸುಪಾಸು. ಮೊದಲಿನ ನಷ್ಟ 60,000ವನ್ನೂ ಸೇರಿಸಿದರೂ ಬಣ್ಣ ಹೊಡೆದ ಜಿಪ್ಸಿಗಳಿಗಿಂತ ಕಡಿಮೆಯೇ. ಕಳೆದ ತಿಂಗಳು ಒಬ್ಬರು ಐದಕ್ಕೆ ಕೇಳಿದರು. ಕೊಡಲಿಲ್ಲ.

ಗುಡ್ಡೆ ಹತ್ತಿಸಲು ಕೆಲವು ಪ್ರಯೋಗ ಮಾಡಿದೆ. ಟೈರಿಗೆ ತೆಂಗಿನ ನಾರಿನ ಹಗ್ಗವನ್ನು ಡಿಸ್ಕಿನ ತೂತುಗಳ ಮೂಲಕ ಸುತ್ತಿ ಕಟ್ಟಿ ನೋಡಿದೆ. ಪಾಚಿಯ ಮೇಲೆ ಉಡದ ಹಿಡಿತ, ಆದರೆ ಮುರಕಲ್ಲಿಗೆ ಉಜ್ಜಿ ಅರ್ಧ ದಿನದಲ್ಲಿ ಹರಿಯಿತು. ಟೈರಿನ ಗಾಳಿಯನ್ನು 18 ಪಿಎಸ್‌ಐಗೆ ಇಳಿಸುವುದೇ ಅದಕ್ಕಿಂತ ಮೇಲು. ಇಳಿದು ಬಂದು ಮತ್ತೆ ತುಂಬಿಸಲು ಸೈಕಲ್ ಪಂಪಿಗಿಂತ ಗಟ್ಟಿಯಾದದ್ದು ಬೇಕು. ಇನ್ನೊಂದು, ಮೈಲುತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆ. ಡ್ರಮ್ಮಿನ ಅಡಿಗೆ ಅಡಿಕೆ ಹಾಳೆ ಹಾಸಿದ್ದೆ, ಹತ್ತು ದಿನದಲ್ಲಿ ಹಾಳೆ ಕೊಳೆತು ತೇವ ಹಿಡಿದಿಟ್ಟು ತಗಡಿನಲ್ಲಿ ಹಸಿರು ಕಲೆ ಎದ್ದಿತು. ಈಗ ಅಂಚು ಎತ್ತರದ ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದೇನೆ. ನೆಲದ ಸಂದುಗಳಿಗೆ ನಾನು ಹಚ್ಚುವ ಮಿಶ್ರಣ ಬೇರೆಯದೇ, ಇನ್ನೊಂದು ಮಳೆಗಾಲ ನೋಡಿ ಅದರ ಬಗ್ಗೆ ಹೇಳುತ್ತೇನೆ.

ಟಾರು ರಸ್ತೆಯಲ್ಲಿ ಲೀಟರಿಗೆ ಹತ್ತು ಕಿಲೋಮೀಟರ್ ಬರುತ್ತದೆ. ಪೆಟ್ರೋಲ್ ಕುಡಿಯುತ್ತದೆ ಎಂದು ಹೆದರಿಸುವವರಿಗೆ ನನ್ನ ಉತ್ತರ ಇಷ್ಟೇ: ತಿಂಗಳಿಗೆ ಇನ್ನೂರು ಕಿಲೋಮೀಟರ್ ಓಡುವ ಗಾಡಿಗೆ ಆ ಲೆಕ್ಕ ಬೇಕಿಲ್ಲ.

2024ರ ಜೂನಿನ ಮೊದಲ ಮದ್ದಿಗೆ ತುಂಬಿದ ಡ್ರಮ್ಮಿನೊಡನೆ ಭಾವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ತೋಡಿನ ಮುಂದೆ ಇಳಿದು ಹಬ್ ಲಾಕ್ ಮಾಡಿ, 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಎಳೆತ) ಹಾಕಿ ಮೊದಲ ಗೇರಿನಲ್ಲಿ ಬಿಟ್ಟೆ. ಎಕ್ಸಲರೇಟರ್ ಮೆಟ್ಟಲೇ ಇಲ್ಲ, ನಡೆದುಕೊಂಡು ಹೋದಂತೆ ಹತ್ತಿತು. "ಇದಕ್ಕೆ ಎಷ್ಟು ಕೊಟ್ಟೆ ಎಂದಿರಿ?" ಎಂದು ಭಾವ ಮೇಲೆ ತಲುಪಿದ ಮೇಲೆ ಮತ್ತೊಮ್ಮೆ ಕೇಳಿದರು.

ಈಗ ಉಳಿದಿರುವುದು ಎರಡು ಕೆಲಸ. ಇಳಿಜಾರಿನಲ್ಲಿ 4ಎಲ್ ಲಿವರ್ ಒಮ್ಮೊಮ್ಮೆ ಹೊರಗೆ ಜಿಗಿಯುತ್ತದೆ, ಒಳಗಿನ ಸ್ಪ್ರಿಂಗ್ ಹೇಳಿಟ್ಟಿದ್ದೇನೆ. ಇನ್ನೊಂದು 2026ರ ನವೀಕರಣ. ಇಪ್ಪತ್ತು ವರ್ಷ ದಾಟಿದ ಕಾರು ವರ್ಗದ ಗಾಡಿಗೆ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಈ ಸಲದ ಅಡಿಕೆ ಮಾರಿದ ದಿನವೇ ಅದನ್ನು ಬೇರೆ ತೆಗೆದಿಟ್ಟೆ.