ಹಿಮದ ಚಳಿಗಾಲದಲ್ಲಿ ಔಟ್‌ಬೋರ್ಡ್ ಮೋಟರನ್ನು ಹೊರಗೇ ಇಡುವುದು: ನನ್ನ ಅನುಭವ

ನನಗೆ ಶೆಡ್ ಇಲ್ಲ, ಗ್ಯಾರೇಜೂ ಇಲ್ಲ. ದೋಣಿಯ ಹಿಂತುದಿಗೆ ಹೊರಗಿನಿಂದ ಸಿಕ್ಕಿಸುವ ಈ ಔಟ್‌ಬೋರ್ಡ್ ಮೋಟರ್ ಚಳಿಗಾಲವಿಡೀ ಬಯಲಲ್ಲೇ ಇರುತ್ತದೆ. ಹಿಮ ಬೀಳುತ್ತದೆ, ಬಿಸಿಲಿಗೆ ಕರಗುತ್ತದೆ, ರಾತ್ರಿ ಮತ್ತೆ ಗಡ್ಡೆಕಟ್ಟುತ್ತದೆ. ಹೀಗಿಟ್ಟರೆ ಹಾಳಾಗುವುದಿಲ್ಲವೇ ಎಂದು ಕೇಳುವವರು ಬಹಳ ಜನ. ಬರೀ ಚಳಿ ಮೋಟರಿಗೆ ಏನೂ ಮಾಡುವುದಿಲ್ಲ, ಒಳಗೆ ನಿಂತುಹೋದ ನೀರು ಮಾಡುತ್ತದೆ. ನೀರು ಗಡ್ಡೆಕಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗ ಸಿಗದಿದ್ದರೆ ಅಲ್ಯೂಮಿನಿಯಂ ಕೇಸ್ ಸೀಳುತ್ತದೆ. ಹಾಗಾಗಿ ನಾನು ಮಾಡುವ ಕೆಲಸದಲ್ಲಿ ಹೆಚ್ಚಿನದು ಒಳಗೆ ಎಲ್ಲೂ ನೀರು ನಿಲ್ಲದಂತೆ ನೋಡಿಕೊಳ್ಳುವುದೇ.

ಎಲ್ಲಕ್ಕಿಂತ ಮುಖ್ಯ, ಮೋಟರ್ ನೆಟ್ಟಗೆ ನಿಂತಿರಬೇಕು. ಔಟ್‌ಬೋರ್ಡನ್ನು ಪೂರ್ತಿ ಕೆಳಗಿಳಿಸಿ ನೇರವಾಗಿ ನಿಲ್ಲಿಸಿದರೆ ಕೂಲಿಂಗ್ ದಾರಿಯಲ್ಲಿರುವ ನೀರು ತಾನಾಗಿಯೇ ಇಳಿದುಹೋಗುತ್ತದೆ. ಅದಕ್ಕೇ ಇದಕ್ಕೆ ಒಳಗೆ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ತುಂಬುವ ಗೋಜಿಲ್ಲ. ಟ್ರೇಲರ್ ಮೇಲೆ ದೋಣಿಯನ್ನು ಹಾಗೇ ಬಿಟ್ಟು ಮೋಟರನ್ನು ಮೇಲಕ್ಕೆ ವಾಲಿಸಿಡುವವರು ಇದ್ದಾರೆ. ಆಗ ಎಕ್ಸಾಸ್ಟ್ ಹೊರಬರುವ ಪ್ರೊಪೆಲ್ಲರ್ ಹಬ್ ಬಟ್ಟಲಿನಂತಾಗುತ್ತದೆ. ಮಳೆನೀರು, ಕರಗಿದ ಹಿಮ ಅದರಲ್ಲೇ ತುಂಬಿ ಹೆಪ್ಪುಗಟ್ಟಿದರೆ ಗೇರ್‌ಕೇಸ್, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಗೇರುಗಳಿರುವ ಕೆಳಭಾಗದ ಪೆಟ್ಟಿಗೆ, ಒಡೆಯಲು ಅಷ್ಟೇ ಸಾಕು. ನಾನು ಮೋಟರನ್ನು ಕಳಚಿ ಮರದ ಸ್ಟ್ಯಾಂಡಿಗೆ ಬಿಗಿಯುತ್ತೇನೆ. ಕೆಳತುದಿ ನೆಲದಿಂದ ಒಂದು ಗೇಣಾದರೂ ಮೇಲಿರುವಂತೆ ನೋಡಿಕೊಳ್ಳುತ್ತೇನೆ, ಏಕೆಂದರೆ ನೀರು ನಿಲ್ಲುವ ಜಾಗದಲ್ಲಿ ಅದು ಮಂಜುಗಡ್ಡೆಯೊಳಗೆ ಹೂತುಹೋಗಬಾರದು.

ಎತ್ತಿಡುವ ಮುನ್ನ ಸಿಹಿನೀರಿನಲ್ಲಿ ಫ್ಲಶ್ ಮಾಡಲೇಬೇಕು, ಸಮುದ್ರದಲ್ಲಿ ಓಡಿಸಿದ್ದರಂತೂ ಬಿಡುವ ಹಾಗೇ ಇಲ್ಲ. ದೊಡ್ಡ ಡ್ರಮ್ಮಿನಲ್ಲಿ, ನೀರೆಳೆಯುವ ರಂಧ್ರಗಳು ಪೂರ್ತಿ ಮುಳುಗುವಷ್ಟು ನೀರಿಟ್ಟು ಹತ್ತು ನಿಮಿಷ ಐಡಲ್‌ನಲ್ಲಿ ಓಡಿಸುತ್ತೇನೆ. ನೀರಿಲ್ಲದೆ ಕ್ಷಣಕಾಲವೂ ಸ್ಟಾರ್ಟ್ ಮಾಡುವುದಿಲ್ಲ. ಕೂಲಿಂಗ್ ನೀರನ್ನು ತಳ್ಳುವ ಪಂಪಿನ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ರಬ್ಬರಿನದು, ಒಣಗಿ ತಿರುಗಿದರೆ ಬೇಗ ಸುಟ್ಟುಹೋಗುತ್ತದೆ. ಇದೇ ಹೊತ್ತಿನಲ್ಲಿ ಪೆಟ್ರೋಲ್ ಕೆಲಸವೂ ಮುಗಿಯುತ್ತದೆ. ಟ್ಯಾಂಕಿಗೆ ಮೊದಲೇ ಫ್ಯೂಯೆಲ್ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಕೆಡದಂತೆ ಬೆರೆಸುವ ದ್ರವ) ಹಾಕಿರುತ್ತೇನೆ, ಓಡುತ್ತಿರುವಾಗ ಅದು ಕಾರ್ಬುರೇಟರ್‌ವರೆಗೂ ತಲುಪುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ, ಹೆಚ್ಚಾದರೆ ನೀರು-ಎಥನಾಲ್ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಕೊನೆಗೆ ಪೆಟ್ರೋಲ್ ಪೈಪ್ ಕಳಚಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರ್ ಬೌಲಿನ ತಳದ ಸ್ಕ್ರೂ ಸಡಿಲಿಸಿ ಉಳಿದ ಹನಿಗಳನ್ನೂ ಬಸಿಯುತ್ತೇನೆ. ಇದು ಕಾರ್ಬುರೇಟರ್ ಇರುವ ಮೋಟರಿಗೆ ಮಾತ್ರ. ಫ್ಯೂಯೆಲ್ ಇಂಜೆಕ್ಷನ್ ಇರುವುದನ್ನು ಹೀಗೆ ಒಣಗಿಸಬೇಡಿ, ಅದರ ಮ್ಯಾನ್ಯುಯಲ್ ಹೇಳಿದಂತೆ ನಡೆಯಿರಿ.

ಫೋರ್‌ಸ್ಟ್ರೋಕ್ ಆದರೆ ಎಂಜಿನ್ ಆಯಿಲನ್ನು ಬೇಸಿಗೆ ಬಂದ ಮೇಲೆ ಅಲ್ಲ, ಈಗಲೇ ಬದಲಿಸಿ. ಹಳೆಯ ಆಯಿಲಿನಲ್ಲಿ ಆಮ್ಲವೂ ತೇವವೂ ಇರುತ್ತವೆ, ಅವನ್ನು ತಿಂಗಳುಗಟ್ಟಲೆ ಬೇರಿಂಗಿನ ಮೇಲೆ ಕೂರಿಸಿಡುವುದು ಸರಿಯಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಳಗೆ ತುಕ್ಕು ಹಿಡಿಯದಂತೆ ಕಾಯುವ ಫಾಗಿಂಗ್ ಆಯಿಲ್ ಸ್ಪ್ರೇ ಮಾಡಿ, ಕೈಯಿಂದ ಮೆಲ್ಲಗೆ ಒಂದೆರಡು ಸುತ್ತು ತಿರುಗಿಸಿ ಪ್ಲಗ್ ಮತ್ತೆ ಹಾಕುತ್ತೇನೆ.

ಇನ್ನು ಗೇರ್‌ಕೇಸ್ ಆಯಿಲ್. ಇದೊಂದನ್ನು ಯಾರೂ ಮುಂದೂಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮೋಟರನ್ನು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಸ್ಕ್ರೂ ಮೆಲ್ಲಗೆ ಸಡಿಲಿಸುತ್ತೇನೆ. ಆಯಿಲಿಗಿಂತ ನೀರು ಭಾರ, ಒಳಗೆ ಹೊಕ್ಕಿದ್ದರೆ ಮೊದಲು ಹೊರಬರುವುದು ಅದೇ. ಮೊದಲ ಹನಿಗಳನ್ನು ಬೆರಳ ಮೇಲೆ ಹಿಡಿದು ಬೆಳಕಿಗೆ ನೋಡುತ್ತೇನೆ. ಪಾರದರ್ಶಕವಾಗಿ, ಅಂಟಂಟಾಗಿ, ಕಂದು ಅಥವಾ ನೀಲಿಯಾಗಿದ್ದರೆ ನೆಮ್ಮದಿ. ಹಾಲು ಬೆರೆಸಿದಂತೆ ಬೆಳ್ಳಗೆ ಮಬ್ಬಾಗಿದ್ದರೆ ಸೀಲ್ ಸೋರುತ್ತಿದೆ ಎಂದೇ ಅರ್ಥ. ಅಂಥ ಗೇರ್‌ಕೇಸನ್ನು ಹಾಗೇ ಚಳಿಗೆ ಬಿಟ್ಟರೆ ಒಳಗಿನ ನೀರು ಗಡ್ಡೆಕಟ್ಟಿ ಕೇಸನ್ನೇ ಸೀಳಬಹುದು. ಸೀಲ್ ಬದಲಿಸದೆ ಹೊಸ ಆಯಿಲ್ ತುಂಬಿದರೆ ಪ್ರಯೋಜನವಿಲ್ಲ. ಡ್ರೇನ್ ಸ್ಕ್ರೂವಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಬೂದಿಬಣ್ಣದ ನುಣುಪು ಲೇಪ ಅಂಟಿರುತ್ತದೆ, ಅದು ಸಹಜ. ಚೂಪಾದ ಚೂರು ಸಿಕ್ಕರೆ ಗೇರನ್ನು ಬಿಚ್ಚಿಸಿ ನೋಡಬೇಕು.

ಹೊಸ ಆಯಿಲನ್ನು ಮೇಲಿನಿಂದ ಸುರಿಯುವುದಲ್ಲ, ಕೆಳಗಿನ ತೂತಿನಿಂದ ಪಂಪಿನಲ್ಲಿ ತುಂಬಬೇಕು. ಹಾಗೆ ಮಾಡಿದರೆ ಒಳಗಿನ ಗಾಳಿ ಮೇಲಕ್ಕೆ ಹೋಗುತ್ತದೆ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಆಯಿಲ್ ಹೊರಬಂದ ಮೇಲೆ ಮೇಲಿನ ಸ್ಕ್ರೂವನ್ನೇ ಮೊದಲು ಬಿಗಿದು, ಆಮೇಲೆ ಪಂಪ್ ತೆಗೆದು ಕೆಳಗಿನದನ್ನು ಬಿಗಿಯುತ್ತೇನೆ. ಮೇಲೆ ಮುಚ್ಚಿರುವುದರಿಂದ ಆಯಿಲ್ ಸುರಿದುಹೋಗುವುದಿಲ್ಲ. ಎರಡಕ್ಕೂ ಹೊಸ ವಾಷರ್ ಹಾಕಿ, ಹಳೆಯದನ್ನು ಮತ್ತೆ ಬಳಸಿದರೆ ಸೋರುತ್ತದೆ. ಪ್ರೊಪೆಲ್ಲರ್ ಬಿಚ್ಚಿದಾಗ ಶಾಫ್ಟಿನ ಬುಡ ನೋಡಿ. ಅಲ್ಲಿ ಮೀನಿನ ಗಾಳದ ದಾರ ಸುತ್ತಿಕೊಂಡಿದ್ದರೆ ಅದು ಸೀಲನ್ನು ಕೊರೆಯುತ್ತಿರುತ್ತದೆ. ಶಾಫ್ಟಿಗೆ ಗ್ರೀಸ್ ಹಚ್ಚಿ ಮತ್ತೆ ಹಾಕಿದರೆ ಆ ಕೆಲಸ ಮುಗಿಯಿತು.

ಮೇಲೆ ಹೊದಿಸುವುದಕ್ಕೆ ನಾನು ದಪ್ಪ ಕ್ಯಾನ್ವಾಸನ್ನೇ ಬಳಸುತ್ತೇನೆ, ಪ್ಲಾಸ್ಟಿಕ್ ಹಾಳೆಯನ್ನಲ್ಲ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ಹಗಲಿನ ಶಾಖಕ್ಕೆ ಒಳಗೆ ಬೆವರಿ, ರಾತ್ರಿ ಆ ತೇವವೇ ವೈರಿಂಗ್ ಮೇಲೆ ಕೂರುತ್ತದೆ. ಹೊದಿಕೆಯ ಕೆಳಗಡೆ ಗಾಳಿಯಾಡಲು ಬಿಟ್ಟಿರುತ್ತೇನೆ. ಇಲಿಗಳು ಹುಡ್ (ಎಂಜಿನ್ ಮೇಲಿನ ಮುಚ್ಚಳ) ಒಳಗೆ ಗೂಡು ಕಟ್ಟದಂತೆ ಆಗಾಗ ಎತ್ತಿ ನೋಡುವುದೂ ಅವಶ್ಯ.

ಬ್ಯಾಟರಿಯನ್ನು ಮಾತ್ರ ಒಳಗೆ ತರುತ್ತೇನೆ. ಲೆಡ್-ಆಸಿಡ್ ಬ್ಯಾಟರಿ ತುಂಬಿದ್ದರೆ ಮೈನಸ್ 50 ಡಿಗ್ರಿ ಸೆಲ್ಸಿಯಸ್‌ಗೂ ಹೆಪ್ಪುಗಟ್ಟುವುದಿಲ್ಲ, ಪೂರ್ತಿ ಬರಿದಾಗಿದ್ದರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಾದರೂ ಸಾಕು ಗಡ್ಡೆಕಟ್ಟಿ ಒಡೆಯಲು.

ನಡುಚಳಿಯಲ್ಲಿ ಸ್ಟಾರ್ಟರ್ ಹಗ್ಗವನ್ನು ಸುಮ್ಮನೆ ಎಳೆದು ನೋಡುವ ಚಾಳಿ ಬೇಡ. ಪಂಪಿನಲ್ಲಿ ನಾಲ್ಕು ಹನಿ ಉಳಿದು ಗಡ್ಡೆಕಟ್ಟಿದ್ದರೆ ಇಂಪೆಲ್ಲರ್ ರೆಕ್ಕೆ ಅಲ್ಲೇ ಹರಿಯುತ್ತದೆ. ಬೆಚ್ಚಗಾದ ಮೇಲೆ ಮತ್ತೆ ಡ್ರಮ್ಮಿನಲ್ಲಿಟ್ಟು ಸ್ಟಾರ್ಟ್ ಮಾಡಿ, ಪಕ್ಕದ ತೂತಿನಿಂದ ಚಿಮ್ಮುವ ನೀರಿನ ಧಾರೆಯನ್ನು ಗಮನಿಸುತ್ತೇನೆ. ಧಾರೆ ಬರದಿದ್ದರೆ ಕೂಡಲೇ ಆಫ್ ಮಾಡಿ, ಆ ತೂತಿಗೆ ಸಣ್ಣ ತಂತಿ ತೂರಿಸಿ ಕಸ ತೆಗೆಯುತ್ತೇನೆ. ಆಗಲೂ ಬರದಿದ್ದರೆ ಪಂಪ್ ಬಿಚ್ಚಿ ಇಂಪೆಲ್ಲರ್ ಬದಲಿಸುವುದೇ ದಾರಿ.