ಫಿಶಿಂಗ್: ಹೆಸರಿನ ಮೂಲ ಮತ್ತು ಗುರುತಿಸುವ ಕ್ರಮ

ಬಾಗಲಕೋಟೆಯ ಗ್ರಾಹಕರೊಬ್ಬರಿಗೆ, ಹೆಸ್ಕಾಂ ಬಿಲ್ ಬಾಕಿಯಿದೆ, ಇಂದು ರಾತ್ರಿಯೇ ವಿದ್ಯುತ್ ಕಡಿತವಾಗುತ್ತದೆ, ಕೂಡಲೇ ಈ ಲಿಂಕ್ ಒತ್ತಿ ಎಂಬ ಸಂದೇಶ ಬಂತೆನ್ನಿ. ಹೀಗೆ ನಂಬಿಕಸ್ಥ ಸಂಸ್ಥೆಯ ಸೋಗಿನಲ್ಲಿ ಗುಟ್ಟಿನ ಮಾಹಿತಿ ಕಸಿಯುವುದೇ ಫಿಶಿಂಗ್. ಉಚ್ಚಾರಣೆಯಲ್ಲಿ ಇದು ಮೀನು ಹಿಡಿಯುವ ಫಿಶಿಂಗೇ. ಇಂಗ್ಲಿಷ್ ಬರಹದಲ್ಲಿ ಮಾತ್ರ ಎಫ್ ಬದಲು ಪಿ-ಎಚ್ ಬರುತ್ತದೆ. 1970ರ ದಶಕದಲ್ಲಿ ಅಮೆರಿಕದ ದೂರವಾಣಿ ಜಾಲದೊಳಗೆ ನುಸುಳಿ ಪುಕ್ಕಟೆ ಕರೆ ಮಾಡುತ್ತಿದ್ದವರ ಫ್ರೀಕಿಂಗ್ ಎಂಬ ಪದದಿಂದ ಆ ಕಾಗುಣಿತ ಬಂತೆಂಬುದು ರೂಢಿಯ ವಿವರಣೆ. 1990ರ ದಶಕದ ನಡುಭಾಗದಲ್ಲಿ ಅಮೆರಿಕ ಆನ್‌ಲೈನ್ (ಎಒಎಲ್) ಎಂಬ ಇಂಟರ್ನೆಟ್ ಸೇವೆಯ ಸಿಬ್ಬಂದಿಯೆಂದು ಹೇಳಿಕೊಂಡು ಚಂದಾದಾರರ ಪಾಸ್‌ವರ್ಡ್ ಕೇಳುತ್ತಿದ್ದವರ ನಡುವೆ ಈ ಪದ ಚಾಲ್ತಿಗೆ ಬಂತು. ಆಲಮಟ್ಟಿ ಹಿನ್ನೀರಿನಲ್ಲಿ ಗಾಳ ಹಾಕಿದವನಂತೆ ಇವರೂ ಬಲವಂತ ಮಾಡುವುದಿಲ್ಲ. ಮಾಹಿತಿಯನ್ನು ನಾವೇ ಕೊಡುತ್ತೇವೆ.

ಆದ್ದರಿಂದ ಸಂದೇಶ ಯಾರ ಹೆಸರಿನಲ್ಲಿದೆ ಎಂಬುದಕ್ಕಿಂತ ಏನು ಕೇಳುತ್ತಿದೆ ಎಂಬುದನ್ನು ಮೊದಲು ನೋಡಬೇಕು. ಒಟಿಪಿ, ಪಿನ್ ಅಥವಾ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲನ್ನು, ಅಂದರೆ ಫೋನಿನಲ್ಲಿ ಆ್ಯಪ್ ಅಳವಡಿಸುವ ಫೈಲನ್ನು, ಅದು ಪರಿಚಿತರ ನಂಬರಿನಿಂದ ಬಂದಿದ್ದರೂ, ತೆರೆಯಬಾರದು.

ಲಿಂಕ್ ಇದ್ದರೆ ಒತ್ತುವ ಮುನ್ನ ವಿಳಾಸವನ್ನು ಓದಿ. ಆರಂಭದ ಎಚ್‌ಟಿಟಿಪಿಎಸ್ ಮತ್ತು ಅದರ ಜೋಡಿ ಓರೆಗೆರೆಯನ್ನು (ಸ್ಲ್ಯಾಶ್) ಬಿಟ್ಟು, ಮುಂದೆ ಸಿಗುವ ಮೊದಲ ಓರೆಗೆರೆಯಿಂದ ಎಡಕ್ಕೆ ಓದುತ್ತ ಬಂದರೆ ತಾಣದ ನಿಜವಾದ ಒಡೆಯ ಯಾರೆಂಬುದು ತಿಳಿಯುತ್ತದೆ. ಬ್ಯಾಂಕಿನ ಹೆಸರು ವಿಳಾಸದ ಆರಂಭದಲ್ಲಿದ್ದು, ಆ ಓರೆಗೆರೆಗೆ ತಾಗಿ ಎಡಗಡೆ 'ಕೆವೈಸಿ-ಅಪ್‌ಡೇಟ್ ಡಾಟ್ ಎಕ್ಸ್‌ವೈಝಡ್' ಎಂದಿದ್ದರೆ ಅದು ಬ್ಯಾಂಕಿನದಲ್ಲ. ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದ್ದರಿಂದ ಈ ಪರೀಕ್ಷೆ ಈಗ ಸುಲಭವಾಗಿದೆ. ಬೀಗದ ಚಿಹ್ನೆಯನ್ನು ನಂಬಬೇಡಿ. ಸಂಪರ್ಕ ಗೂಢಲಿಪಿಯಲ್ಲಿದೆ ಎಂಬುದಷ್ಟೇ ಅದರ ಅರ್ಥ, ವಂಚಕನ ತಾಣಕ್ಕೂ ಅದು ಸಿಗುತ್ತದೆ. ಕಾಗುಣಿತದ ತಪ್ಪು ಹುಡುಕುವ ಹಳೆಯ ಉಪಾಯವೂ ಈಗ ಸಾಲದು, ಏಕೆಂದರೆ ವಂಚಕರು ಅಚ್ಚುಕಟ್ಟಾದ ಕನ್ನಡವನ್ನೇ ಕಳುಹಿಸಬಲ್ಲರು. ಬಿಲ್ ಬಗ್ಗೆ ಸಂಶಯವಿದ್ದರೆ ಹಳೆಯ ರಸೀದಿಯಲ್ಲಿರುವ ನಂಬರಿಗೆ ಕರೆ ಮಾಡಿ, ಅಥವಾ ಹತ್ತಿರದ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ.

ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ ಖಾತೆಯ ವಹಿವಾಟು ತಡೆಸಬೇಕು. ವಂಚಕರು ಹಣವನ್ನು ಬೇರೆ ಬೇರೆ ಖಾತೆಗಳಿಗೆ ಸಾಗಿಸುವ ಮುನ್ನ ದೂರು ತಲುಪಿದರಷ್ಟೇ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಸಂದೇಶವನ್ನು ಅಳಿಸಬೇಡಿ, ಅದರ ಸ್ಕ್ರೀನ್‌ಶಾಟ್ ಮತ್ತು ವಹಿವಾಟಿನ ಸಂಖ್ಯೆಯೊಂದಿಗೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ.